ಬಾಗಿಲಿಗಿಟ್ಟ ಮಣ

ಜನವರಿ 27, ಮಂಗಳವಾರ

ಈ ಪುಸ್ತಕ ಅತ್ತಿಗೆ ಕೊಟ್ಟದ್ದು. "ನನ್ನ ತಲೆ ತಿನ್ನೋ ಬದಲು ಇದರ ತಲೆ ತಿನ್ನು" ಎಂದು ಕೈಗಿಟ್ಟು ಅಂಚೆ ಕಚೇರಿಯ ಕೆಲಸಕ್ಕೆ ಹೋದರು. ಪಾಪ, ನನ್ನ ಬಾಯಿ ಅವರಿಗೆ ಒಂದೇ ವಾರಕ್ಕೆ ಸಾಕಾಗಿದೆ.

ನಮ್ಮ ಯಜಮಾನರು ಹೋಗಿ ಐದು ತಿಂಗಳಾಯಿತು. ಬಾಡಿಗೆ ಮನೆ ಬಿಟ್ಟು ಅಣ್ಣನ ಮನೆಗೆ ಬಂದಿದ್ದೇನೆ. ಮಾರ್ಚ್ ಹದಿನೈದಕ್ಕೆ ಮೈದುನನ ಮನೆಗೆ ಹೋಗುವುದೆಂದು ಮಾತಾಗಿದೆ. ಅಲ್ಲಿ ಹಿಂದುಗಡೆ ಒಂದು ಕೋಣೆ ಖಾಲಿ ಇದೆಯಂತೆ. ಕೋಣೆಯೂ ಖಾಲಿ, ನಾನೂ ಖಾಲಿ, ಜೋಡಿ ಸರಿಹೋಯಿತು.

ಅಣ್ಣ ಕಂಚು ಕರಗಿಸಿ ಹೊಯ್ಯುವ ಎರಕದ ಮನೆ ನಮ್ಮ ಪಡಸಾಲೆಗೆ ಅಂಟಿಕೊಂಡೇ ಇದೆ. ಹುಟ್ಟಿದ ಮನೆಯೇ ಆದರೂ ಈ ಮಸಿ ನನಗೆ ಎಂದೂ ಒಗ್ಗಲಿಲ್ಲ. ಒಗೆದ ಬಟ್ಟೆಯ ಮೇಲೆಲ್ಲ ಕಪ್ಪು ಪುಡಿ. ನಡುಬಾಗಿಲು ಮುಚ್ಚೋಣವೆಂದು ಹೋದರೆ ಅದಕ್ಕೆ ಒತ್ತಾಗಿ ಮಣದ ಕಲ್ಲು ಕೂತಿದೆ. ನಾವು ಚಿಕ್ಕವರಿದ್ದಾಗಿನಿಂದ ಕೂತಿದೆ. ಕುಂಬಳಕಾಯಿಯ ಹಾಗೆ ದುಂಡಗೆ, ನೆತ್ತಿ ಸವೆದು ನುಣ್ಣಗೆ. ಕೈಹಾಕಿದೆ, ಕದಲಲಿಲ್ಲ. ಕಾಲಿನಿಂದ ಒತ್ತಿದೆ, ನಾನೇ ಹಿಂದಕ್ಕೆ ಹೋದೆ. ಅಣ್ಣ ಅದನ್ನು ಪಾದದಿಂದಲೇ ಉರುಳಿಸಿ ನಕ್ಕ. "ಏ ಕಡ್ಡಿ, ಇದು ಮಣ ಕಣೇ. ನೀನು ಅರ್ಧ ಮಣಾನೂ ಇಲ್ಲ."

ಕಡ್ಡಿ! ಇಷ್ಟು ವಯಸ್ಸಾದರೂ ಆ ಹೆಸರು ಬಿಟ್ಟಿಲ್ಲ. ಬಕೆಟ್ ನೀರು ಎತ್ತಿದರೂ ಕೈ ನಡುಗುವುದು ನಿಜ. ನಾನೇನು ಮಾಡಲಿ? ಇಪ್ಪತ್ತು ವರ್ಷ ಒಂದು ಬಕೆಟ್ ಎತ್ತಲು ಬಿಡದ ಗಂಡ. "ಇರು, ನಾನೆತ್ತುತ್ತೀನಿ" ಎನ್ನುತ್ತಿದ್ದರು, ಹಾಲಿನ ಪ್ಯಾಕೆಟ್ಟಿಗೂ.

ಜನವರಿ 30, ಶುಕ್ರವಾರ

ಅಮ್ಮ ಬೆಳಗ್ಗೆಯಿಂದ ನಾಲ್ಕು ಸಲ ಕೇಳಿದಳು: "ಗಂಟೆ ಆಯ್ತಾ?"

ನಮ್ಮ ಹಿಂದಿನ ಬೀದಿಯ ಶಾಲೆಯ ಗಂಟೆ ಅಪ್ಪ ಎರಕ ಹೊಯ್ದದ್ದು. ಅಪ್ಪ ಹೋದ ಮೇಲೂ ಅಮ್ಮನ ದಿನ ನಡೆಯುತ್ತಿದ್ದದ್ದು ಅದರ ಮೇಲೆ. ಮೊದಲ ಗಂಟೆಗೆ ಬಿ.ಪಿ. ಮಾತ್ರೆ, ಊಟದ ಗಂಟೆಗೆ ಊಟ, ಬಿಡುವ ಗಂಟೆಗೆ ಟೀ. ಕಳೆದ ರಜೆಯಲ್ಲಿ ಯಾವನೋ ಪುಣ್ಯಾತ್ಮ ಗಂಟೆಯನ್ನೇ ಕದ್ದೊಯ್ದ. ಈಗ ಅಲ್ಲಿ ಕರೆಂಟಿನದೊಂದು ಕೂರಿಸಿದ್ದಾರೆ. "ಅದು ಗಂಟೆ ಅಲ್ಲ, ಮಿಕ್ಸಿ" ಎನ್ನುತ್ತಾಳೆ ಅಮ್ಮ. ಅದಕ್ಕೆ ಮಾತ್ರೆ ತೆಗೆದುಕೊಳ್ಳುವುದಿಲ್ಲ. ಗಡಿಯಾರ ತೋರಿಸಿದರೆ ನಮ್ಮನ್ನೇ ದುರುಗುಟ್ಟಿ ನೋಡುತ್ತಾಳೆ. ಮೊನ್ನೆ ತಲೆ ತಿರುಗಿ ಬಚ್ಚಲ ಗೋಡೆ ಹಿಡಿದುಕೊಂಡಳಂತೆ.

ಕರೆಂಟು ಹೋದಾಗ ಗಂಟೆಯೇ ಇಲ್ಲ, ಇದ್ದಾಗಲೂ ಆಟದ ಬಯಲಿನ ತುದಿಗೆ ಕೇಳುವುದಿಲ್ಲ ಎಂದು ಶಾಲೆಯ ಹೆಡ್‌ಮೇಡಂ ಅಣ್ಣನಿಗೇ ಹೊಸ ಗಂಟೆ ಮಾಡಲು ಹೇಳಿದ್ದಾರೆ. ಒಂದೇ ಕರಾರು: ಹಳೆಯದರ ದನಿಯೇ ಬೇಕು. ಇವತ್ತು ಅಚ್ಚು ನೋಡಲು ಬಂದಿದ್ದರು. ಬಾಗಿಲಲ್ಲಿ ಕಲ್ಲು ಎಡವಿ, ಇದೇನು ಎಂದರು. ಮಣದ ಕಲ್ಲು ಎಂದೆ.

"ಯಾವ ಮಣ?" ಎಂದರು.

"ಮಣ ಅಂದ್ರೆ ಮಣ. ನಲವತ್ತು ಸೇರು."

"ಹಾಗಂತ ನೀವು ಹೇಳ್ತೀರಿ. ನಮ್ಮಪ್ಪನ ಹತ್ತಿ ಮಂಡಿಯಲ್ಲಿ ಹತ್ತಿಗೊಂದು ಮಣ, ಉಪ್ಪಿಗೊಂದು ಮಣ ಇತ್ತು. ಕೊಳ್ಳೋಕೆ ಬಂದವರು ಮೊದಲು ಕೇಳ್ತಿದ್ದದ್ದೇ, ಯಾವ ಮಣ ಸ್ವಾಮೀ ಅಂತ."

ಆ ಪದ ಎಷ್ಟು ಹಳೆಯದೆಂದರೆ ಹಡಗಿನ ವ್ಯಾಪಾರಿಗಳ ಜೊತೆ ದೇಶದೇಶ ಸುತ್ತಿದೆಯಂತೆ, ಎಲ್ಲಿಯೋ ಬಹಳ ಹಿಂದೆ ಅದಕ್ಕೆ 'ಎಣಿಸು' ಎಂಬ ಅರ್ಥವಿತ್ತಂತೆ. ಇಳಿದ ಕಡೆಯಲ್ಲೆಲ್ಲ ಒಂದೊಂದು ಭಾರ ಹೊತ್ತುಕೊಂಡಿತು ಎಂದರು. ಚೆನ್ನಾಗಿ ಮಾತಾಡುತ್ತಾರೆ. ಅಂಥವರ ಹತ್ತಿರ ಓದಿದ್ದರೆ ನಾನೂ ಒಂದಿಷ್ಟು ತೂಕದ ಮಾತು ಕಲಿಯುತ್ತಿದ್ದೆನೇನೋ.

ಅವರು ಹೋದ ಮೇಲೆ ಅಮ್ಮ ತನ್ನ ಹಳೇ ರೆಕಾರ್ಡು ಹಾಕಿದಳು: "ನಿಮ್ಮ ಮುತ್ತಜ್ಜಿ ತುಂಬಿದ ಬಸುರಿ, ಆ ಕಲ್ಲಿನಷ್ಟು ತಾಮ್ರಾನ ಒಂದೇ ಉಸಿರಿಗೆ ಕುಲುಮೆ ಕಟ್ಟೆ ಮೇಲಿಡ್ತಿದ್ಲು." ಕುಲುಮೆಯ ಕಟ್ಟೆ ನನ್ನ ಎದೆಮಟ್ಟ ಇದೆ. ಸತ್ತವರ ತೋಳು ವರ್ಷವರ್ಷ ದಪ್ಪವಾಗುತ್ತದೆ, ಬಿಡಿ.

ಫೆಬ್ರವರಿ 1, ಭಾನುವಾರ

ಇವತ್ತು ಎರಕ.

ಅಪ್ಪ ಹೋದ ಮೇಲೆ ಅಣ್ಣ ತಾಮ್ರ, ತವರ ಬೇರೆ ಬೇರೆ ತಂದು ಕಂಚು ಮಾಡಿದ್ದಿಲ್ಲ. ಪೇಟೆಯಲ್ಲಿ ಸಿಗುವ ಸಿದ್ಧ ಕಂಚಿನ ಗಟ್ಟಿ ಕರಗಿಸಿ ಬಾಗಿಲಿನ ಗಂಟೆ, ಹಿಡಿಕೆ, ಬುಷ್ಷು ಮಾಡುತ್ತಿದ್ದ. ಇದಕ್ಕೆ ಮಾತ್ರ "ಅಪ್ಪನ ಪಾಕವೇ ಆಗಬೇಕು" ಎಂದು ಹಟ. ಪಾಕವೇನು, ನಮಗಿಬ್ಬರಿಗೂ ಬಾಯಿಪಾಠ. ಮಗ್ಗಿಗಿಂತ ಮೊದಲು ಕಲಿತದ್ದು: *ಮಣ ತಾಮ್ರಕ್ಕೆ ಹದಿಮೂರು ಸೇರು ತವರ.* ತವರ ಕಡಿಮೆಯಾದರೆ ಗಂಟೆ ಸೌಟಿನ ಹಾಗೆ ತಟತಟ ಎನ್ನುತ್ತದೆ, ಹೆಚ್ಚಾದರೆ ಗಾಜಿನ ಹಾಗೆ ಸಿಡಿಯುತ್ತದೆ.

ಅಪ್ಪನ ಕಬ್ಬಿಣದ ಸೇರಿನ ಬಟ್ಟುಗಳು ಇನ್ನೂ ಇವೆ. ಅಣ್ಣ ಒಂದನ್ನು ಎಲೆಕ್ಟ್ರಾನಿಕ್ ಸ್ಕೇಲಿನ ಮೇಲಿಟ್ಟ. ಸರಿಯಾಗಿ ಅರ್ಧ ಕಿಲೋ. ಹಾಗಾದರೆ ನಲವತ್ತು ಸೇರಿನ ಮಣ ಇಪ್ಪತ್ತು ಕಿಲೋ, ಹದಿಮೂರು ಸೇರು ಆರೂವರೆ ಕಿಲೋ. ಮೊಬೈಲಿನಲ್ಲೂ ನೋಡಿದ, ಮಣಕ್ಕೆ ನಲವತ್ತು ಸೇರು ಎಂದೇ ಇತ್ತು. ಅಪ್ಪ ತೊಲೆಗೆ ದೊಡ್ಡ ತಕ್ಕಡಿ ತೂಗುಹಾಕಿ ಅರ್ಧ ದಿನ ಗುದ್ದಾಡುತ್ತಿದ್ದ ಕೆಲಸ ಎರಡು ನಿಮಿಷಕ್ಕೆ ಮುಗಿಯಿತು.

ತಾಮ್ರದ ಬುಟ್ಟಿಯನ್ನು ಅಣ್ಣನೇ ಕಟ್ಟೆಗೆ ಎತ್ತಿಟ್ಟ. ನಾನು ಸಹಾಯ ಮಾಡಲು ಹೋಗಿ ಬುಟ್ಟಿಯ ಕಿವಿ ಹಿಡಿದದ್ದಷ್ಟೇ, ಕಣ್ಣು ಕತ್ತಲೆ ಬಂತು. ಅತ್ತಿಗೆ ನನ್ನನ್ನು ಎಳೆದು ಕೂರಿಸಿ ನೀರು ಕೊಟ್ಟರು.

ಆದರೆ ಎಂಥ ನೋಟ! ನಾನು ಇದನ್ನು ಮರೆತೇಬಿಟ್ಟಿದ್ದೆ. ಬೆಂಕಿಯ ತುದಿಯಲ್ಲಿ ಹಸಿರು ಮೂಡುವವರೆಗೆ ಅಣ್ಣ ಕಾದ. ಪಕ್ಕದ ವೆಲ್ಡಿಂಗ್ ಅಂಗಡಿಯವನೂ ಅವನೂ ಕರಗಿದ ಕಂಚಿನ ಮೂಸೆಯನ್ನು ಇಕ್ಕಳದಲ್ಲಿ ಎತ್ತಿ ಅಚ್ಚಿನ ಬಾಯಿಗೆ ಹೊಯ್ದರು. ಒಂದು ತೊಟ್ಟು ಹೊರಗೆ ಚೆಲ್ಲಲಿಲ್ಲ. ಮನೆಯಲ್ಲಿ ಟೀ ಬಗ್ಗಿಸಿದರೆ ಬಸಿಗೆಲ್ಲ ಚೆಲ್ಲುವ ಅಣ್ಣ ಇವನೇನಾ?

ಫೆಬ್ರವರಿ 3, ಮಂಗಳವಾರ

ಒಡೆಯಿತು.

ಅಚ್ಚಿನ ಮಣ್ಣು ಬಿಡಿಸಿ ಉಜ್ಜಿದಾಗ ಚೆಂದವೋ ಚೆಂದ. ಅಣ್ಣ ಮರದ ಸುತ್ತಿಗೆಯಲ್ಲಿ ಮೆಲ್ಲಗೆ ಒಂದು ಏಟು ಕೊಟ್ಟ. 'ಟಣ್' ಎಂದದ್ದು ಮಧ್ಯದಲ್ಲೇ 'ಠಸ್' ಎಂದಿತು. ಅಂಚಿನಿಂದ ಭುಜದವರೆಗೆ ಕೂದಲೆಳೆಯ ಬಿರುಕು.

"ಅಚ್ಚು ಹಸಿಯಿತ್ತು" ಎಂದ ಅಣ್ಣ. ಇರಬಹುದು.

ಅಮ್ಮ ಒಳಗಿನಿಂದ ಕೇಳಿದಳು, "ಗಂಟೆ ಆಯ್ತಾ?"

ಫೆಬ್ರವರಿ 6, ಶುಕ್ರವಾರ

ಗಾಯದ ಮೇಲೆ ಬರೆ. ಅಣ್ಣ ಇದ್ದಿಲಿನ ಚೀಲ ಎತ್ತಲು ಹೋಗಿ ಸೊಂಟ ಹಿಡಿದುಕೊಂಡ. ಡಾಕ್ಟರು ಎರಡು ತಿಂಗಳು ಒಂದು ಚೆಂಬೂ ಎತ್ತಕೂಡದು ಎಂದಿದ್ದಾರೆ. ಅತ್ತಿಗೆಗೆ ರಜೆ ಇಲ್ಲ. ವೆಲ್ಡಿಂಗಿನವನೂ ಅವನ ಅಂಗಡಿಯ ಹುಡುಗನೂ ಹೊಯ್ಯುವ ದಿನ ಮಾತ್ರ ಬಂದು ಮೂಸೆ ಎತ್ತಿಕೊಡುತ್ತಾರೆ, ಅವರಿಗೂ ಹೊಟ್ಟೆಯಿದೆಯಲ್ಲ.

ಅಣ್ಣ ಅಂಗಾತ ಮಲಗಿ ಸೂರು ನೋಡುತ್ತ, "ಇನ್ನೊಂದು ಸಲ ನೋಡ್ತೀನಿ. ಅದೂ ಒಡೆದ್ರೆ ಕುಲುಮೆ ಕೆಡವಿಬಿಡ್ತೀನಿ. ಹಾರ್ಡ್‌ವೇರ್ ಅಂಗಡಿಯವರು ಲೆಕ್ಕ ಬರೆಯೋಕೆ ಕರೀತಿದಾರೆ" ಎಂದ.

ಅಣ್ಣ ಲೆಕ್ಕ ಬರೆಯುವುದೇ? ನಾಲ್ಕು ತಲೆಮಾರಿನ ಬೆಂಕಿ ಆರಿಸಿ ಮೊಳೆ ಎಣಿಸುವುದೇ? ಸಿಟ್ಟು ಬಂತು. "ಮಲಗಿದ ಬಾಯಲ್ಲಿ ಒಳ್ಳೇ ಮಾತಾಡು" ಎಂದು ಬೈದೆ. "ಎತ್ತೋದಕ್ಕೆ ನಾನಿಲ್ವಾ?" ಎಂದೂ ಅಂದೆ. ಅಂದ ಮೇಲೆ ನನಗೇ ನಗು ಬಂತು. ಅಣ್ಣ ಮಾತ್ರ ಪಾಪ, ನಗಲಿಲ್ಲ.

ಫೆಬ್ರವರಿ 9, ಸೋಮವಾರ

ಇದ್ದಿಲನ್ನು ಮೊರದಲ್ಲಿ ತುಂಬಿ ತುಂಬಿ ಸಾಗಿಸಿದೆ. ಚೀಲ ಎತ್ತಲಾಗದವಳ ಉಪಾಯ. ಮಣ್ಣು ಕಲಸಿದೆ. ಸ್ನಾನದ ನೀರು ಮೂರು ಸಲ ಕಪ್ಪಾಯಿತು. ತೋಳೆಲ್ಲ ನೋವು, ಪೆನ್ನು ಹಿಡಿಯಲು ಆಗುತ್ತಿಲ್ಲ.

ಎರಡು ತಟ್ಟೆ ಅನ್ನ ಉಂಡೆ.

ಫೆಬ್ರವರಿ 13, ಶುಕ್ರವಾರ

ಅಣ್ಣ ಕುರ್ಚಿಗೆ ದಿಂಬು ಒರಗಿಸಿ ಕೂತು ಮೇಣದ ಗಂಟೆ ತಿದ್ದುತ್ತಾನೆ. ಮೊದಲು ಮಣ್ಣಿನ ಒಳಗೋಡೆ, ಅದರ ಮೇಲೆ ಮೇಣದಲ್ಲಿ ಗಂಟೆ, ಅದರ ಮೇಲೆ ಮತ್ತೆ ಮಣ್ಣು. ಆಮೇಲೆ ಸುಟ್ಟರೆ ಮೇಣ ಕರಗಿ ಹೋಗಿ, ಅದಿದ್ದ ಜಾಗಕ್ಕೆ ಕಂಚು ಬರುತ್ತದೆ. ಇಷ್ಟು ವರ್ಷ ಇದನ್ನು 'ಮಸಿ ಕೆಲಸ' ಎನ್ನುತ್ತಿದ್ದ ನನ್ನ ಬುದ್ಧಿಗೆ ಏನು ಹೇಳಲಿ!

ಅಣ್ಣ ಕಣ್ಣು ಮುಚ್ಚಿ ಹೆಬ್ಬೆರಳನ್ನು ಮೇಣದ ಅಂಚಿನ ಸುತ್ತ ಓಡಿಸುತ್ತಾನೆ. "ಇಲ್ಲೊಂಚೂರು ದಪ್ಪ" ಎಂದು ಕೆರೆಯುತ್ತಾನೆ. ನಾನು ಮುಟ್ಟಿದರೆ ಏನೂ ಗೊತ್ತಾಗದು. ನನ್ನ ಅಣ್ಣ ಇಷ್ಟು ದೊಡ್ಡ ಕೆಲಸಗಾರ ಎಂದು ನನಗೆ ಯಾರೂ ಹೇಳಲೇ ಇಲ್ಲ. ಹೇಳಿದ್ದರೂ ನಾನು ಕೇಳುತ್ತಿದ್ದೆನೇ? ಹಿತ್ತಲ ಗಿಡ ಮದ್ದಲ್ಲ.

ಅಪ್ಪ ಎರಕದ ದಿನ ಮಾತೇ ಆಡುತ್ತಿರಲಿಲ್ಲ ಎಂದು ಅಣ್ಣ ನೆನೆಸಿಕೊಂಡ. ನಾವಿಬ್ಬರೂ ಹೊಸ್ತಿಲ ಆಚೆ ನಿಂತು ಇಣುಕುತ್ತಿದ್ದೆವು. "ಒಳಗೆ ಬರಬೇಡಿ, ಬೆಂಕಿ" ಎನ್ನುವುದೊಂದೇ ಅಪ್ಪ ಅಂದು ಹೇಳುತ್ತಿದ್ದದ್ದು. ಹಾಗಾಗಿ ಬಾಯಿಪಾಠ ಬಂತು, ಕಣ್ಣುಪಾಠ ಬರಲಿಲ್ಲ.

ಫೆಬ್ರವರಿ 18, ಬುಧವಾರ

ಮೈದುನ ಫೋನ್ ಮಾಡಿದ್ದ. ಕೋಣೆಗೆ ಸುಣ್ಣ ಹೊಡೆಸುತ್ತಾನಂತೆ, ಯಾವ ಬಣ್ಣ ಎಂದು ಕೇಳಿದ. ಅಚ್ಚಿಗೆ ಎರಡನೇ ಪದರ ಮೆತ್ತುತ್ತಿದ್ದೆ, ಕೈಯೆಲ್ಲ ಮಣ್ಣು. ಯಾವುದಾದರೂ ಎಂದೆ.

ಫೆಬ್ರವರಿ 22, ಭಾನುವಾರ

ಎರಡನೆಯ ಎರಕ. ಇಪ್ಪತ್ತು ಕಿಲೋ ತಾಮ್ರವನ್ನು ನಾನೇ ತೂಗಿ, ನಾನೇ ಕಟ್ಟೆಗೆ ಇಟ್ಟೆ. ಒಂದು ಸಲ ಮೊಣಕಾಲ ಮೇಲೆ ಆನಿಸಿಕೊಂಡು, ಒಂದು ಸಲ ಸ್ಟೂಲಿನ ಮೇಲೆ ಇಟ್ಟು, ಆಮೇಲೆ ಮೇಲಕ್ಕೆ. ವೆಲ್ಡಿಂಗಿನವನು "ಬಿಡಿ ಅಕ್ಕಾ, ನಾನು" ಎಂದು ಕೈಚಾಚಿದ. ಅವನ ಕೈ ತಳ್ಳಿದೆ. ಅವನಿಗೇನು ಅನ್ನಿಸಿತೋ.

ಈ ಸಲ ಅಚ್ಚು ಒಣಗಿ ಖಣಖಣ ಎನ್ನುತ್ತಿತ್ತು.

ಫೆಬ್ರವರಿ 24, ಮಂಗಳವಾರ

ಇದೂ.

ಫೆಬ್ರವರಿ 25, ಬುಧವಾರ

ಬಿರುಕು ಬಿಟ್ಟ ಎರಡು ಗಂಟೆಗಳು ಮೂಲೆಯಲ್ಲಿ ಬೋರಲು ಬಿದ್ದಿವೆ. ಅಮ್ಮ ಇವತ್ತು ಗಂಟೆ ಆಯಿತೇ ಎಂದು ಕೇಳಲಿಲ್ಲ. ಮಾತ್ರೆ ಕೊಟ್ಟರೆ ಕೈಯಲ್ಲೇ ಹಿಡಿದು ಕೂತಿದ್ದಳು, ಅದು ಕರಗಿ ಅಂಗೈ ಕೆಂಪಾಯಿತು.

ತವರ ಒಂಚೂರು ಕಡಿಮೆ ಹಾಕಿ ನೋಡಬಾರದೇ ಎಂದೆ ಅಣ್ಣನಿಗೆ. ಅವನು ಉರಿದುಬಿದ್ದ. "ಅಪ್ಪನ ಲೆಕ್ಕ ತಪ್ಪು ಅಂತೀಯಾ? ನಲವತ್ತು ವರ್ಷ ಬಾರಿಸಿದ ಗಂಟೆ ಅದು. ತಪ್ಪು ಲೆಕ್ಕದಲ್ಲಿ ಬಾರಿಸ್ತಾ? ನನ್ನ ಕೈಯೇ ಸರಿಯಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಅಪ್ಪನ ಮೇಲೆ ಹಾಕಲ್ಲ ನಾನು." ಆಮೇಲೆ ಮೆಲ್ಲಗೆ, "ಹೆಡ್‌ಮೇಡಂಗೆ ಹೇಳಿಬಿಡ್ತೀನಿ. ಬೇರೆ ಕಡೆ ಮಾಡಿಸಲಿ" ಎಂದ.

ನನ್ನ ಎದೆಯಲ್ಲಿ ಏನೋ ಕಿತ್ತ ಹಾಗಾಯಿತು. ನಮ್ಮ ಯಜಮಾನರು ಹೋದ ದಿನ ಬಿಟ್ಟರೆ ಹೀಗಾದದ್ದು ಇವತ್ತೇ.

ಫೆಬ್ರವರಿ 27, ಶುಕ್ರವಾರ

ಬೆಳಗ್ಗೆ ಅಣ್ಣ ಸ್ಕೇಲನ್ನು ಒರೆಸಿ ಡಬ್ಬಕ್ಕೆ ತುಂಬುತ್ತಿದ್ದ. ಮಾರುತ್ತಾನಂತೆ. ನನಗೆ ತಡೆಯಲಾಗಲಿಲ್ಲ.

"ನಿನ್ನ ಕೈ ಸರಿಯಿದೆ, ಅಪ್ಪನ ಲೆಕ್ಕ ಸರಿಯಿದೆ. ಹಾಗಾದ್ರೆ ಈ ಹಾಳು ಪೆಟ್ಟಿಗೇನೇ ಸರಿಯಿಲ್ಲ! ನೋಡೋಣ ಇವತ್ತು!" ಎಂದು ಕೂಗಿ ಬಾಗಿಲಿಗೆ ಹೋದೆ, ಮಣದ ಕಲ್ಲು ತಂದೆ, ಸ್ಕೇಲಿನ ಮೇಲೆ ಕುಕ್ಕಿದೆ. ಮಣ ಇಟ್ಟರೆ ಇಪ್ಪತ್ತು ಕಿಲೋ ತೋರಿಸಬೇಕಲ್ಲ?

ಇಪ್ಪತ್ತಮೂರು ತೋರಿಸಿತು.

"ನೋಡಿದ್ಯಾ!" ಎಂದೆ. "ನೋಡಿದ್ಯಾ, ಮೂರು ಕಿಲೋ ಸುಳ್ಳು!" ಅಣ್ಣನ ಮುಖದಲ್ಲಿ ಎಷ್ಟೋ ದಿನದ ಮೇಲೆ ರಕ್ತ ಬಂತು. ಸೊಂಟದ ನೋವು ಮರೆತು ಎದ್ದು ನಿಂತ. ಅತ್ತಿಗೆ ಅಡುಗೆಮನೆಯಿಂದ ಬಂದವರು ಸ್ಕೇಲನ್ನೂ ಕಲ್ಲನ್ನೂ ನೋಡಲಿಲ್ಲ, ನನ್ನನ್ನೇ ನೋಡುತ್ತ ನಿಂತರು. ಏನು ಎಂದೆ. "ಏನಿಲ್ಲಮ್ಮ" ಎಂದರು.

ಸ್ಕೇಲು ಕೊಟ್ಟ ಅಂಗಡಿಯವನಿಗೆ ಫೋನು ಹಚ್ಚಿ ಬಾಯಿಗೆ ಬಂದ ಹಾಗೆ ಬೈದೆವು. ಅವನು ತಾಳ್ಮೆಯವನು. "ಮನೇಲಿ ಸಕ್ಕರೆ ಪ್ಯಾಕೆಟ್ ಇದ್ರೆ ಇಟ್ಟು ನೋಡಿ ಮೇಡಂ" ಎಂದ. ಇಟ್ಟೆವು. ಒಂದು ಕಿಲೋ. ಉಪ್ಪು ಇಟ್ಟೆವು, ಒಂದು ಕಿಲೋ. ಸಕ್ಕರೆ, ಉಪ್ಪು, ಅಕ್ಕಿ ಚೀಲ ಎಲ್ಲ ಸೇರಿಸಿ ಇಟ್ಟೆವು. ಕೂದಲಷ್ಟೂ ವ್ಯತ್ಯಾಸವಿಲ್ಲ.

ಮೂವರೂ ಕಲ್ಲನ್ನು ನೋಡಿದೆವು.

ಹುಟ್ಟಿದಾಗಿನಿಂದ ಈ ಕಲ್ಲಿನ ಮೇಲೆ ಕೂತಿದ್ದೇವೆ, ಎಡವಿದ್ದೇವೆ, ಅದರ ಮೇಲೆ ಬಟ್ಟೆ ಒಣಹಾಕಿದ್ದೇವೆ. ಒಬ್ಬರಾದರೂ ತೂಗಿದ್ದೇವೆಯೇ? ಮಣದ ಕಲ್ಲನ್ನು ಯಾರಾದರೂ ತೂಗುತ್ತಾರೆಯೇ! ಹೆಸರಲ್ಲೇ ತೂಕ ಇದೆಯಲ್ಲ, ಮತ್ಯಾಕೆ ತೂಗುವುದು ಎಂದು ಬಿಟ್ಟ ಜಾಣರು ನಾವು.

ಅಣ್ಣನ ಮುಖ ಮತ್ತೆ ಸಣ್ಣದಾಯಿತು. "ಆರು ಸೇರು ಹೆಚ್ಚು" ಎಂದ. "ಕೊಳ್ಳೋ ಕಲ್ಲು ಆರು ಸೇರು ಹೆಚ್ಚಿದ್ರೆ ಅದರ ಅರ್ಥ ಏನು ಗೊತ್ತಾ? ತಾಮ್ರ ಮಾರೋಕೆ ಬಂದವರಿಗೆ ಪ್ರತಿ ಮಣಕ್ಕೂ ಆರು ಸೇರು ಟೋಪಿ. ನಮ್ಮ ಹಿರಿಯರು..." ಅಪ್ಪ ಅಂಥವರೇ?

ಫೆಬ್ರವರಿ 28, ಶನಿವಾರ

ಅಮ್ಮನನ್ನು ಕೇಳುವ ಧೈರ್ಯ ಅಣ್ಣನಿಗಿರಲಿಲ್ಲ. ನಾನೇ ಕೇಳಿದೆ. ಕಲ್ಲಿನ ಪಕ್ಕದಲ್ಲೇ ಅವಳಿಗೆ ಕುರ್ಚಿ ಹಾಕಿ, ಆರು ಸೇರು ಹೆಚ್ಚು ಬಂದದ್ದನ್ನು ಹೇಳಿ, "ಅಮ್ಮಾ, ಈ ಕಲ್ಲಲ್ಲಿ ತೂಗಿ ತಾಮ್ರ ಕೊಳ್ತಿದ್ರಾ?" ಎಂದೆ.

"ಥೂ! ಆ ಕಲ್ಲು ಈ ಹೊಸ್ತಿಲು ದಾಟಿ ಆಚೆ ಹೋಗಿಲ್ಲ. ಕೊಳ್ಳೋಕೆ ಪೇಟೆ ತಕ್ಕಡಿ ಇತ್ತು, ಪೇಟೆ ಮಣ ಇತ್ತು. ಇದು ಕುಲುಮೆ ಮಣ. ಎರಡೂ ಒಂದೇ ಅಂತ ಯಾವ ಮಂಕುಮುಂಡೇದು ಹೇಳ್ತು ನಿಮಗೆ?"

ಅಣ್ಣ ಮೊಬೈಲನ್ನು ಜೇಬಿಗೆ ಹಾಕಿಕೊಂಡ.

ಆಮೇಲೆ ಅಮ್ಮ ಹೇಳಿದ್ದನ್ನು ಮರೆಯುವ ಮೊದಲು ಬರೆದಿಡುತ್ತೇನೆ. ಮುತ್ತಜ್ಜ ಊರೂರು ತಿರುಗಿ ಗಂಟೆ ಮಾಡುತ್ತಿದ್ದವನು. ಗಂಟುಮೂಟೆಯಲ್ಲಿ ಸೇರಿನ ಬಟ್ಟು ಇತ್ತು, ದೊಡ್ಡ ತೂಕ ಹೊತ್ತು ತಿರುಗಲು ಆಗುತ್ತದೆಯೇ? ತವರವನ್ನು ಸೇರಿನಲ್ಲಿ ತೂಗುತ್ತಿದ್ದ. ತಾಮ್ರಕ್ಕೆ ಮುತ್ತಜ್ಜಿಯೇ ಅಳತೆ. ಅವಳು ಬುಟ್ಟಿಗೆ ತುಂಬಿ ಒಂದೇ ಉಸಿರಿಗೆ ಎದೆಮಟ್ಟಕ್ಕೆ ಎತ್ತಿಟ್ಟದ್ದೆಷ್ಟೋ ಅಷ್ಟು. ಅವಳ ಬುಟ್ಟಿ ದಿನದಿನಕ್ಕೆ ಹೆಚ್ಚು ಕಡಿಮೆ ಆಗುತ್ತಿರಲಿಲ್ಲವಂತೆ, ಅಷ್ಟು ನೇಮದ ತೋಳು. ಹೊಯ್ದು ಒಡೆದು, ಹೊಯ್ದು ಒಡೆದು, ಕಡೆಗೆ ಅವಳ ಒಂದು ಬುಟ್ಟಿಗೆ ಹದಿಮೂರು ಸೇರು ತವರ ಬಿದ್ದಾಗ ದನಿ ಬಂತು. ಇಲ್ಲಿ ಮನೆ ಕಟ್ಟಿ ನೆಲೆ ನಿಂತಾಗ, ನಾಳೆ ನಾನಿಲ್ಲದಿದ್ದರೆ ಹೇಗೆ ಎಂದು ಅವಳೇ ಹೊಳೆಗೆ ಹೋಗಿ ತನ್ನ ಬುಟ್ಟಿಗೆ ಸರಿತೂಗುವ ಕಲ್ಲು ಹುಡುಕಿ, ಹೊತ್ತು ತಂದು ಬಾಗಿಲಿಗಿಟ್ಟಳು. ದೊಡ್ಡ ತೂಕಕ್ಕೆ ಏನಾದರೂ ಹೆಸರು ಬೇಕಲ್ಲ, ಮಣ ಎಂದರು.

"ಅವಳು ಪೇಟೆಗಿಂತ ಆರು ಸೇರು ಹೆಚ್ಚಿನ ಹೆಂಗಸು" ಎಂದಳು ಅಮ್ಮ.

ನಾವು ಪೇಟೆಯ ಮಣ ಹಾಕಿದ್ದೆವು. ಅವಳ ತೋಳಿನ ಆರು ಸೇರು ತಾಮ್ರವನ್ನು ಬಿಟ್ಟಿದ್ದೆವು. ತವರ ಮೇಲುಗೈಯಾಗಿ ಗಂಟೆ ಸಿಡಿಯದೆ ಏನಾಗುತ್ತದೆ?

"ಇದನ್ನ ಮೊದಲೇ ಯಾಕಮ್ಮಾ ಹೇಳಲಿಲ್ಲ?" ಎಂದು ಅಣ್ಣ ಅಳುವ ದನಿಯಲ್ಲಿ ಕೇಳಿದ.

"ನನ್ನ ಕೇಳಿದ್ರಾ? ಮೊಬೈಲ್ ಕೇಳಿದ್ರಿ. ನಿಮ್ಮಪ್ಪ ಕಲ್ಲಲ್ಲಿ ತೂಗ್ತಿದ್ರು. ನೀನು ಯಾತರಲ್ಲಿ ತೂಗ್ತೀಯ ಅಂತ ನಾನೇನು ಕನಸು ಕಾಣ್ಲಾ?"

ಅಣ್ಣ ಸೊಂಟ ಹಿಡಿದುಕೊಂಡೇ ಕೆಳಗೆ ಕೂತು ಕಲ್ಲನ್ನು ಮುಟ್ಟಿದ. ನಾನೂ ಮುಟ್ಟಿದೆ. ಎಂಥ ಹೆಂಗಸಿರಬೇಕು! ಅವಳ ಮುಖ ಯಾರೂ ನೋಡಿಲ್ಲ, ಅವಳ ಹೆಸರು ಅಮ್ಮನಿಗೂ ನೆನಪಿಲ್ಲ. ಅವಳ ಬಲ ಮಾತ್ರ ಗ್ರಾಂ ಲೆಕ್ಕದಲ್ಲಿ ನಮ್ಮ ಬಾಗಿಲಲ್ಲಿ ಕೂತಿದೆ. ಸತ್ತವರ ತೋಳು ದಪ್ಪವಾಗುತ್ತದೆ ಎಂದು ಬರೆದಿದ್ದೆ. ಆ ಸಾಲಿಗೆ ಗೀಟು ಹಾಕಿ ಬಂದೆ.

ಮಾರ್ಚ್ 4, ಬುಧವಾರ

ಅಟ್ಟದಿಂದ ಅಪ್ಪನ ದೊಡ್ಡ ತಕ್ಕಡಿ ಇಳಿಸಿ ತೊಲೆಗೆ ಕಟ್ಟಿದೆ. ಹೆಡ್‌ಮೇಡಂ ಬಂದಿದ್ದರು, ವಿಷಯ ಹೇಳಿದೆವು. "ಯಾವ ಮಣ ಅಂತ ನಾನು ಕೇಳಿದ್ದೆ" ಎಂದು ಬೀಗಿದರು, ಬೀಗಲಿ. ಹೋಗುವಾಗ ಕಲ್ಲನ್ನು ಎತ್ತಲು ನೋಡಿ "ಅಯ್ಯಪ್ಪಾ" ಎಂದು ಬಿಟ್ಟರು. ಅದೇನು ಅಷ್ಟು ಭಾರವೋ?

ಅಣ್ಣ ಹಾರ್ಡ್‌ವೇರ್ ಅಂಗಡಿಯವರಿಗೆ ಇನ್ನೂ ಬೇಡವೆಂದು ಹೇಳಿಲ್ಲ. "ಇದು ಬಾರಿಸಲಿ, ಆಮೇಲೆ" ಎನ್ನುತ್ತಾನೆ.

ಮಾರ್ಚ್ 8, ಭಾನುವಾರ

ಮೂರನೆಯ ಎರಕ.

ಒಂದು ತಟ್ಟೆಯಲ್ಲಿ ಕಲ್ಲು, ಒಂದರಲ್ಲಿ ತಾಮ್ರ. ಮುಳ್ಳು ನಡುವೆ ನಿಲ್ಲುವವರೆಗೆ ಒಂದೊಂದೇ ಚೂರು ಹಾಕಿದೆ. ಅಷ್ಟನ್ನೂ ಬುಟ್ಟಿಗೆ ತುಂಬಿದೆ. ಅಮ್ಮ ಬಂದು ನೋಡಬೇಕೆಂದಳು, ಕುರ್ಚಿಯನ್ನು ಹೊಸ್ತಿಲಲ್ಲಿ ಹಾಕಿದೆವು. ಕುಲುಮೆ ಕಾದಿತ್ತು, ಅಣ್ಣ "ಹೂಂ" ಎಂದ. ಸ್ಟೂಲು ಎಲ್ಲಿ ಎಂದು ನೋಡಿದರೆ ಯಾರೋ ಅದನ್ನು ತೆಗೆದಿದ್ದರು. ಹುಡುಕುತ್ತ ಕೂತರೆ ಹದ ಹೋಗುತ್ತದೆ. ಹಾಗೇ ಎತ್ತಿ ಕಟ್ಟೆಗಿಟ್ಟೆ.

ಆ ಗಳಿಗೆ ನನ್ನ ಪಕ್ಕದಲ್ಲಿ "ಇರು, ನಾನೆತ್ತುತ್ತೀನಿ" ಎಂದ ಹಾಗಾಯಿತು. ಬೇಡ ರೀ, ಆಯಿತು ಎಂದೆ, ಮನಸ್ಸಿನಲ್ಲೇ. ಅಳು ಬರಲಿಲ್ಲ. ಮೊದಲ ಸಲ ಅವರ ನೆನಪು ಅಳಿಸದೆ ಬಂದು ಹೋಯಿತು.

ತಿರುಗಿದರೆ ಅಮ್ಮ ಕೈಮುಗಿದು ಕೂತಿದ್ದಾಳೆ. ಬೆಂಕಿಗೆ ಮುಗಿದಳೋ ಏನೋ. ಅಣ್ಣನೂ ಒಂದು ಗಳಿಗೆ ಬೆಂಕಿ ಬಿಟ್ಟು ನನ್ನನ್ನು ನೋಡುತ್ತಿದ್ದ. "ತವರ ಯಾರು ಹಾಕ್ತಾರೆ, ನಿಮ್ಮ ಮಾವನಾ?" ಎಂದು ಗದರಿದೆ.

ಬೆಂಕಿಯ ತುದಿ ಹಸಿರಾಯಿತು. ಹೊಯ್ದರು.

ಮಾರ್ಚ್ 10, ಮಂಗಳವಾರ

ಅಣ್ಣ ಸುತ್ತಿಗೆ ಹಿಡಿದು ನಿಂತವನು ಬಾರಿಸಲೇ ಇಲ್ಲ. "ನೀನು ಹೊಡಿ" ಎಂದು ನನ್ನ ಕೈಗೆ ಕೊಟ್ಟ. ನಾನು ಅತ್ತಿಗೆಗೆ ಕೊಟ್ಟೆ. ಅತ್ತಿಗೆ, "ನಿಮ್ಮಪ್ಪನ ಮನೆ ಗಂಟೆ, ನನ್ನ ತಲೆಗೆ ಕಟ್ಟಬೇಡಿ" ಎಂದು ವಾಪಸು ಕೊಟ್ಟರು.

ಹೊಡೆದೆ.

ಹೇಗೆ ಬರೆಯಲಿ? ದನಿ ಎದ್ದಿತು, ನಿಂತಿತು, ಹೋಗಲು ಮನಸ್ಸಿಲ್ಲದ ನೆಂಟರ ಹಾಗೆ ಬಾಗಿಲಲ್ಲಿ ಬಹಳ ಹೊತ್ತು ಮಾತಾಡುತ್ತ ಇತ್ತು. ಅಣ್ಣ ಕೈಯನ್ನು ಅಂಚಿಗೆ ಹಿಡಿದು, ನಡುಕ ಪೂರ್ತಿ ನಿಲ್ಲುವವರೆಗೆ ಕಣ್ಣು ಮುಚ್ಚಿದ್ದ. ಆಮೇಲೆ ಚಿಕ್ಕ ಮಗುವಿನ ಹಾಗೆ ಅತ್ತ. ನನ್ನ ಅಣ್ಣ! ಮೂಸೆಯ ಕೆಂಪು ಬೆಂಕಿಗೆ ಮುಖ ಕೊಟ್ಟು ನಗುವವನು.

ಅಮ್ಮ ಮಧ್ಯಾಹ್ನದ ಗಾಢ ನಿದ್ದೆಯಲ್ಲಿದ್ದಳು, ಈ ಒಂದೇ ಏಟಿಗೆ ಎಚ್ಚರವಾಗಲಿಲ್ಲ. ಎಬ್ಬಿಸಲಿಲ್ಲ.

ಮಾರ್ಚ್ 16, ಸೋಮವಾರ

ನಿನ್ನೆ ಸಂಜೆ ಗಂಟೆಯನ್ನು ಶಾಲೆಯಲ್ಲಿ ತೂಗುಹಾಕಿ ಬಂದೆವು. ಇವತ್ತು ಬೆಳಗ್ಗೆ ಮೈದುನನ ಫೋನ್, "ಯಾಕತ್ತಿಗೆ, ನಿನ್ನೆ ಬರಲೇ ಇಲ್ಲ?" ಅಯ್ಯೋ ದೇವರೇ, ಮಾರ್ಚ್ ಹದಿನೈದು! ಮರೆತೇಬಿಟ್ಟಿದ್ದೆ. ಒಂದು ಆಸ್ಪತ್ರೆಯವರೂ ಬಂದರಿನವರೂ ಗಂಟೆ ಕೇಳಿಕೊಂಡು ಬಂದಿದ್ದಾರೆ, ಅಣ್ಣನ ಸೊಂಟ ಇನ್ನೂ ಆಗಿಲ್ಲ, ಎತ್ತುವವರು ಯಾರಿದ್ದಾರೆ ಎಂದೆಲ್ಲ ಅವನಿಗೆ ಹೇಳಿದೆ. ಕೋಣೆಗೆ ಯಾವ ಬಣ್ಣ ಹೊಡೆಸಿದ ಎಂದು ಕೇಳಲು ನೆನಪಾಗಲಿಲ್ಲ.

ಈ ಅಣ್ಣನಿಗೆ ಏನಾಗಿದೆಯೋ, ಈಚೆಗೆ ನನ್ನನ್ನು ಕಡ್ಡಿ ಎನ್ನುವುದೇ ಇಲ್ಲ. ಬೇಸರವೇನೋ ಎಂದು ಕೇಳಿದರೆ, "ಹೆಸರಿಗೂ ಆಳಿಗೂ ತೂಕ ಸರಿಹೋಗಬೇಕಲ್ಲ" ಎಂದು ನಕ್ಕು ಹೋದ. ಒಗಟು ಅವನಿಗೇ ಇರಲಿ.

ಬೆಳಗ್ಗೆ ಪಡಸಾಲೆ ಗುಡಿಸುತ್ತಿದ್ದೆ. ಅಮ್ಮ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಗಂಟೆ ತೂಗುಹಾಕಿದ ವಿಷಯ ಅವಳಿಗೆ ಬೇಕೆಂದೇ ಯಾರೂ ಹೇಳಿರಲಿಲ್ಲ. ಹಿಂದಿನ ಬೀದಿಯಿಂದ ಮೊದಲ ಏಟು ಬಂತು. ಎರಡನೆಯದು. ಮೂರನೆಯದು. ನಾನು ಪೊರಕೆ ಹಿಡಿದು ನಿಂತೆ. ಅಡುಗೆಮನೆಯಲ್ಲಿ ಅತ್ತಿಗೆಯ ಪಾತ್ರೆ ಸದ್ದು ನಿಂತಿತು. ಎರಕದ ಮನೆಯಲ್ಲಿ ಅಣ್ಣನ ಅರದ ಸದ್ದೂ ನಿಂತಿತು.

ಅಮ್ಮ ಏನೂ ಕೇಳಲಿಲ್ಲ. ಸೆರಗು ಸರಿಮಾಡಿಕೊಂಡಳು. ಗೂಡಿನಿಂದ ಮಾತ್ರೆಯ ಡಬ್ಬಿ ತೆಗೆದಳು, ಒಂದನ್ನು ಬಾಯಿಗೆ ಹಾಕಿಕೊಂಡು ಲೋಟದ ನೀರು ಕುಡಿದಳು. ಆಮೇಲೆ ಅಪ್ಪ ಹೊರಗಿನಿಂದ ತಡವಾಗಿ ಬಂದಾಗ ಆಡುತ್ತಿದ್ದ ಅದೇ ದನಿಯಲ್ಲಿ, ಗೋಡೆಯ ಕಡೆ ನೋಡುತ್ತ, "ಎಲ್ಲಿ ಹೋಗಿದ್ರಿ ಇಷ್ಟು ದಿನ?" ಎಂದಳು.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಗುಡಿಸುವುದು ಇನ್ನೂ ಅರ್ಧ ಇತ್ತು. ಬಾಗಿಲಿನ ಹತ್ತಿರ ಕಸ ಮಣದ ಕಲ್ಲಿನ ಅಡಿಗೆ ಸೇರಿತ್ತು. ಕಲ್ಲನ್ನು ಸೊಂಟಕ್ಕೆ ಏರಿಸಿಕೊಂಡು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಗುಡಿಸಿ, ಮತ್ತೆ ಅಲ್ಲೇ ಇಟ್ಟೆ.